ಹಿಮಾಲಯದ ಪಾಸ್ ಟ್ರೆಕ್‌ಗೆ ಹೊರಟಿರುವ ಮೈಸೂರಿನವರಿಗೆ

ಹಿಮಾಚಲದ ಮನಾಲಿ ಹತ್ತಿರ ಬೆಟ್ಟಸಾಲು ದಾಟುವ ದಾರಿಯಾದ ಹಂಪ್ಟಾ ಪಾಸ್‌ಗೆ ಹೋಗಲು ಚಾಮುಂಡಿ ಬೆಟ್ಟ ಹತ್ತಿ ತಯಾರಾದರೆ ಸಾಕಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಕಾಲಿಗೆ ಅದು ಒಳ್ಳೆಯ ತಯಾರಿ. ವಾರಕ್ಕೆ ಮೂರು ನಾಲ್ಕು ದಿನ, ಬೆನ್ನಿಗೆ ಐದಾರು ಕೆಜಿ ಬ್ಯಾಗ್ ಹಾಕಿಕೊಂಡು ಹತ್ತಿ. ಆದರೆ ವಾಪಸ್ ಬಸ್ಸಿನಲ್ಲಿ ಬರಬೇಡಿ, ಮೆಟ್ಟಿಲಲ್ಲೇ ಇಳಿಯಿರಿ. ಪಾಸ್ ದಾಟಿದ ಮೇಲಿನ ಇಳಿಜಾರಿನಲ್ಲೇ ಮಂಡಿ ಕೈಕೊಡುವುದು.

ಇನ್ನು ಎತ್ತರದ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ. ಹಂಪ್ಟಾ ಸುಮಾರು 4,270 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು ಮಾತ್ರ. ಎಷ್ಟೇ ಗಟ್ಟಿಮುಟ್ಟಾದವರಿಗೂ ತೊಂದರೆ ಆಗಬಹುದು, ಜಿಮ್‌ಗೆ ಹೋಗುವ ಹುಡುಗರಿಗೂ ಅಷ್ಟೇ. ಮನಾಲಿಯಲ್ಲಿ ಒಂದು ದಿನ ಸುಮ್ನೆ ಉಳಿಯಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಂತೆ ನೋಡಿಕೊಳ್ಳಿ. ಟ್ರೆಕ್ ಬುಕ್ ಮಾಡುವಾಗಲೇ ಕ್ಯಾಂಪ್‌ಗಳ ಎತ್ತರ ಕೇಳಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಶುರುವಾದರೆ ಗೈಡ್‌ಗೆ ತಕ್ಷಣ ಹೇಳಿ. ಗುಂಪಿಗೆ ತೊಂದರೆ ಅಂತ ನಾನು ಒಮ್ಮೆ ಒಂದು ರಾತ್ರಿ ಮುಚ್ಚಿಟ್ಟಿದ್ದೆ, ಬೆಳಗ್ಗೆ ಎದ್ದು ನಿಲ್ಲಲೂ ಆಗಲಿಲ್ಲ. ಕಡಿಮೆಯಾಗುವವರೆಗೆ ಮೇಲೆ ಹತ್ತಬೇಡಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಕೆಳಗಿಳಿಸಲೇಬೇಕು.

ಎತ್ತರದ ತೊಂದರೆ ತಡೆಯಲು ತಗೊಳ್ಳುವ ಡೈಮಾಕ್ಸ್ ಮಾತ್ರೆಯನ್ನು ಇಲ್ಲೇ ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅವರಿಗೆ ಮೊದಲೇ ತಿಳಿಸಿ.