ಮಳೆಗಾಲ ಮುಗಿದ್ಮೇಲೆ ಒಂದ್ಸಲ ಬ್ರೇಕ್ ಡಿಸ್ಕ್ ಬಿಚ್ಚಿ ನೋಡಿ

ಆಶ್ಲೇಷ ಮಳೆ ಹಿಡ್ಕೊಂಡು ಮೂರು ದಿನ ಕಾರು ಹೊರಗೆ ತೆಗೀದೇ ಇದ್ದು, ನಾಲ್ಕನೇ ದಿನ ತೀರ್ಥಹಳ್ಳಿ ಪೇಟೆಗೆ ಅಂತ ಹೊರಟ್ರೆ ಮೊದಲನೇ ಬ್ರೇಕಿಗೇ ಗರಗರ ಅಂತ ಸದ್ದು ಬರತ್ತಲ್ಲ, ಅದಕ್ಕೇನೂ ಹೆದರ್ಬೇಡಿ. ಡಿಸ್ಕ್ ಅಂದ್ರೆ ಚಕ್ರದ ಜೊತೆ ಸುತ್ತೋ ಎರಕದ ಕಬ್ಬಿಣದ ತಟ್ಟೆ, ಬ್ರೇಕ್ ಒತ್ತಿದ್ರೆ ಎರಡೂ ಬದಿಯಿಂದ ಪ್ಯಾಡ್ ಬಂದು ಅದನ್ನ ಹಿಡ್ಕೊಳ್ಳತ್ತೆ. ಪ್ಯಾಡ್ ಉಜ್ಜೋ ಜಾಗದಲ್ಲಿ ಬಣ್ಣ ಇಲ್ಲ ಎಣ್ಣೆ ಇಲ್ಲ, ಒಂದು ರಾತ್ರಿ ಥಂಡಿ ಹಿಡಿದ್ರೆ ಕೆಂಪಾಗತ್ತೆ, ನಾಲ್ಕು ಸಲ ಬ್ರೇಕ್ ಒತ್ತೋಷ್ಟರಲ್ಲಿ ಪ್ಯಾಡೇ ಉಜ್ಜಿ ಬೆಳ್ಳಗೆ ಮಾಡತ್ತೆ. ಹೆದರಬೇಕಾಗಿರೋದು ತಿಂಗಳುಗಟ್ಟಲೆ ನಿಂತ ಕಾರಿಗೆ. ಮಗ ಬೆಂಗಳೂರಲ್ಲಿ, ಕಾರು ಊರಲ್ಲಿ ಅಡಿಕೆ ಸಿಪ್ಪೆ ರಾಶಿ ಪಕ್ಕ ಶೀಟಿನಡಿ, ಜೂನಲ್ಲಿ ನಿಲ್ಸಿದ್ದು ದಸರಾಕ್ಕೆ ತೆಗೆಯೋದು, ಅಂಥಾ ಕಾರಿನ ಡಿಸ್ಕ್ ಮೇಲೆ ಪ್ಯಾಡ್ ಕೂತಿದ್ದ ಜಾಗದ ಅಚ್ಚು ಹಂಗೇ ಬಿದ್ದಿರತ್ತೆ, ಸುತ್ತ ತುಕ್ಕು ಗುಂಡಿ ತೋಡಿರತ್ತೆ. ಮೀಟರಲ್ಲಿ 25 ಸಾವಿರ ಕಿಲೋಮೀಟರೂ ಆಗಿರಲ್ಲ, ಡಿಸ್ಕಿನ ಕಥೆ ಮುಗಿದಿರತ್ತೆ. ಇದಕ್ಕೆ ದುಬಾರಿ ಔಷಧಿ ಏನೂ ಬೇಡ. ವಾರಕ್ಕೊಂದ್ಸಲ ಹತ್ತು ಕಿಲೋಮೀಟರ್ ಓಡ್ಸಿ, ಕಾರು ತೊಳೆದ ಮೇಲೂ ಅಷ್ಟೇ, ರಸ್ತೆ ಮೇಲೆ ನಾಲ್ಕು ಸಲ ಬ್ರೇಕ್ ಹಾಕಿ ಡಿಸ್ಕ್ ಒಣಗ್ಸಿ ಆಮೇಲೆ ನಿಲ್ಸಿ.

ಎರಡನೇ ಶತ್ರು ಘಾಟಿ. ಆಗುಂಬೆ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟೋಷ್ಟರಲ್ಲಿ ಒಂದು ಟನ್ ತೂಕದ ಕಾರು ಮೇಲಿಂದ ಕೆಳಗೆ ಬಂದ ಶಕ್ತಿ ಎಲ್ಲ ಎಲ್ಲಾದ್ರೂ ಹೋಗ್ಬೇಕಲ್ಲ, ನೀವು ಮೂರನೇ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದ್ರೆ ಅದೆಲ್ಲ ಬಿಸಿ ಆಗಿ ಡಿಸ್ಕಿಗೇ ಹೋಗತ್ತೆ. ಎರಡನೇ ಗೇರಿಗೆ ಹಾಕಿ, ಇಂಜಿನ್ ಹಿಡ್ಕೊಳ್ಳಲಿ, ಬ್ರೇಕ್ ತಿರುವಿಗೆ ಮುಂಚೆ ಗಟ್ಟಿಯಾಗಿ ಒಂದ್ಸಲ ಒತ್ತಿ ಬಿಟ್ಬಿಡಿ. ಹುಲಿಕಲ್ ಘಾಟಿಗೂ ಇದೇ ಲೆಕ್ಕ. ಇನ್ನೊಂದು ವಿಷ್ಯ ಸುಮಾರು ಜನಕ್ಕೆ ಗೊತ್ತಿಲ್ಲ: ಕೆಳಗಿಳಿದ ತಕ್ಷಣ ಚಹಾ ಕುಡಿಯೋಕೆ ನಿಲ್ಸಿದಾಗ ಕಾಲು ಬ್ರೇಕಲ್ಲೇ ಒತ್ತಿ ಇಟ್ಕೊಂಡು ಕೂರಬಾರದು. ಕಾದ ಡಿಸ್ಕ್ ಮೇಲೆ ಪ್ಯಾಡಿನ ಮಸಾಲೆ ಒಂದೇ ಕಡೆ ಅಂಟಿಕೊಳ್ಳತ್ತೆ, ದೋಸೆ ಕಾವಲಿ ಮೇಲೆ ಹಿಟ್ಟು ಹಿಡಿದಂಗೆ, ಆಮೇಲೆ ಪ್ರತಿ ಸುತ್ತಿಗೂ ಆ ಜಾಗ ಬಂದಾಗ ಪೆಡಲ್ ಕಾಲಿಗೆ ಬಡಿಯತ್ತೆ.

ಹಿಂಗೆ ಬಡಿಯೋಕೆ ಶುರುವಾದ ಕೂಡ್ಲೇ ಯಾವ ಗ್ಯಾರೇಜಿಗೆ ಹೋದ್ರೂ ಒಂದೇ ಮಾತು, ಡಿಸ್ಕ್ ಬೆಂಡ್ ಆಗಿದೆ ಸಾರ್. ನಾನೂ ನಂಬಿ ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿದ್ದೆ. ಎರಡೂವರೆ ಸಾವಿರ ಕಿಲೋಮೀಟರ್ ಬೆಣ್ಣೆ ಥರ ಓಡಿದ ಕಾರು, ಒಂದಿನ ಆಯನೂರು ದಾಟಿ ಶಿವಮೊಗ್ಗಕ್ಕೆ ಬರ್ತಾ 80ರಲ್ಲಿ ಬ್ರೇಕ್ ಒತ್ತಿದ್ರೆ ಸ್ಟೀರಿಂಗ್ ಮತ್ತೆ ಗಡಗಡ. ಈ ಸಲ ಮನೆ ಅಂಗಳದಲ್ಲಿ ನಾನೇ ಬಿಚ್ಚಿದೆ. ಡಿಸ್ಕ್ ತೆಗೆದ್ರೆ ಹಿಂದೆ ಹಬ್ ಮೇಲೆ, ಅಂದ್ರೆ ಡಿಸ್ಕು ಚಕ್ರ ಎರಡೂ ಕೂರೋ ನಡುವಿನ ಭಾಗದ ಮೇಲೆ, ಹಳೇ ತುಕ್ಕಿನ ಹಕ್ಕಳೆ, ಉಗುರಲ್ಲಿ ಎತ್ತಿದ್ರೆ ಬರೋ ಅಂಥದ್ದು, ಅದರ ಮೇಲೇ ಹೊಸ ಡಿಸ್ಕ್ ಕೂರ್ಸಿದಾರೆ. ಅಲ್ಲಿ ಒಂದು ಕೂದಲೆಳೆಯಷ್ಟು ಎತ್ತರ ಇದ್ರೂ ಸಾಕು, ಡಿಸ್ಕಿನ ಹೊರ ಅಂಚಿಗೆ ಹೋಗೋಷ್ಟರಲ್ಲಿ ಅದು ಇನ್ನೂ ದೊಡ್ಡ ಓರೆ ಆಗತ್ತೆ. ತಡೆದುಕೊಳ್ಳೋ ಮಿತಿನೇ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್. ಓರೆ ಕೂತ ಡಿಸ್ಕ್ ಬ್ರೇಕ್ ಹಾಕದೇ ಇದ್ರೂ ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಪ್ಯಾಡಿಗೆ ಸವರ್ತಾ ಸವರ್ತಾ ಅಲ್ಲಿ ತೆಳ್ಳಗಾಗತ್ತೆ, ಅದಕ್ಕೇ ಡಿಸ್ಕ್ ಹಾಕಿದ ದಿನವೇ ನಡುಕ ಬರಲ್ಲ, ಎರಡು ಮೂರು ಸಾವಿರ ಕಿಲೋಮೀಟರ್ ಆದ್ಮೇಲೆ ಬರತ್ತೆ, ಅಷ್ಟರಲ್ಲಿ ಯಾರನ್ನ ಕೇಳೋದು ಹೇಳಿ.

ಹಂಗಾಗಿ ಬದಲಾಯಿಸೋ ಮುಂಚೆ ಅಳತೆ ನೋಡಿ. ಡಿಸ್ಕಿನ ಅಂಚಲ್ಲೋ ನಡುವಿನ ಟೋಪಿ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಹಾಕಿರ್ತಾರೆ, ಇಲ್ದಿದ್ರೆ ಕಾರಿನ ಸರ್ವಿಸ್ ಮ್ಯಾನ್ಯುಯಲಲ್ಲಿ ಇರತ್ತೆ. ಹೊಸದರಲ್ಲಿ 22 ಮಿಲಿಮೀಟರ್ ಇರೋದಕ್ಕೆ 20 ಅಂತ ಇದ್ರೆ, ಎರಡೂ ಬದಿ ಸೇರಿ ಸವೆಯೋಕಿರೋದು ಬರೀ 2 ಮಿಲಿಮೀಟರ್. ದಪ್ಪ ಅಳೆಯೋ ವರ್ನಿಯರ್ ಹಾಕಿದ್ರೆ ಸವೆದ ಡಿಸ್ಕಿನ ಅಂಚಲ್ಲಿ ಏಣು ಕಟ್ಟಿರತ್ತಲ್ಲ, ಅದರ ಮೇಲೆ ಕೂತು ಸುಳ್ಳು ಹೇಳತ್ತೆ. ಉಪಾಯ ಸಿಂಪಲ್, ಎರಡು ಒಂದ್ರೂಪಾಯಿ ನಾಣ್ಯ ತಗೊಂಡು ಡಿಸ್ಕಿನ ಆ ಬದಿಗೊಂದು ಈ ಬದಿಗೊಂದು ಹಿಡಿದು ಅಳೀರಿ, ಆಮೇಲೆ ನಾಣ್ಯಗಳ ದಪ್ಪ ಕಳೀರಿ. ಮಿತಿಗಿಂತ ಕಮ್ಮಿ, ಆಳವಾದ ಗೆರೆ, ಬಿರುಕು, ತುಕ್ಕಿನ ಗುಂಡಿ, ಇವುಗಳಲ್ಲಿ ಯಾವುದಿದ್ರೂ ಹೊಸದೇ ಹಾಕಿ. ದಪ್ಪ ಚೆನ್ನಾಗಿದ್ದು ಬರೀ ನಡುಕ ಇದ್ರೆ ಲೇತಿಗೆ ಕೊಟ್ಟು ಮೇಲ್ಮೈ ತೆಗೆಸಬಹುದು, ಶಿವಮೊಗ್ಗ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ, ಆದ್ರೆ ತೆಗೆಸಿದ ಮೇಲೂ ದಪ್ಪ ಮಿತಿಗಿಂತ ಮೇಲೇ ಇರ್ಬೇಕು.

ಈಗ ಕೆಲಸ. ಮಣ್ಣಿನ ಅಂಗಳದಲ್ಲಿ ಜಾಕ್ ಹೂತುಹೋಗತ್ತೆ, ಸಿಮೆಂಟ್ ನೆಲ ಹುಡುಕಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೀರಿ, ನಟ್ ನೆಲದಲ್ಲಿರುವಾಗ್ಲೇ ಸಡಿಲ ಮಾಡಿ, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಜಂಬಿಟ್ಟಿಗೆ ಕಲ್ಲು ಪೇರಿಸಿ ಕಾರು ನಿಲ್ಸೋರನ್ನ ನೋಡಿದೀನಿ ಮಾರಾಯ್ರೆ, ಅದು ಪಟ್ ಅಂತ ಒಡೆಯೋಕೆ ಒಂದು ನಿಮಿಷ ಸಾಕು.

ಚಕ್ರ ತೆಗೆದು ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚಿ, ಕ್ಯಾಲಿಪರನ್ನ ತಂತಿ ಕಟ್ಟಿ ಸ್ಪ್ರಿಂಗಿಗೆ ನೇತುಹಾಕಿ, ಹೋಸ್ ಮೇಲೆ ಭಾರ ಬಿಡಬೇಡಿ. ಪ್ಯಾಡ್ ತೆಗೆದು ಕ್ಯಾಲಿಪರ್ ಕೂರೋ ಬ್ರಾಕೆಟ್ ಬಿಚ್ಚಿ. ಡಿಸ್ಕ್ ಮೇಲೆ ಸಣ್ಣ ಸ್ಕ್ರೂ ಇದ್ರೆ ಅದನ್ನೂ ತೆಗೀರಿ. ನಮ್ಮ ಮಳೆಗೆ ಡಿಸ್ಕ್ ಹಬ್ಬಿಗೆ ಕಚ್ಕೊಂಡೇ ಇರತ್ತೆ, ಸುತ್ತಿಗೆ ತಗೊಂಡು ಬಡಿಯೋಕೆ ಮುಂಚೆ ನೋಡಿ, ಸುಮಾರು ಕಾರುಗಳ ಡಿಸ್ಕಲ್ಲಿ ಎದುರುಬದುರು ಎರಡು ಮರೆ (ಥ್ರೆಡ್) ಇರೋ ತೂತು ಇರತ್ತೆ, ಅದಕ್ಕೆ ಸರಿಯಾದ ಬೋಲ್ಟ್ ಹಾಕಿ ಇದಕ್ಕರ್ಧ ಸುತ್ತು ಅದಕ್ಕರ್ಧ ಸುತ್ತು ತಿರುಗಿಸ್ತಾ ಬನ್ನಿ. ಏನೂ ಆಗ್ತಿಲ್ಲ ಅನ್ನಿಸೋ ಹೊತ್ತಿಗೆ ಟಪ್ ಅಂತ ಒಂದು ಸದ್ದು, ಕೆಂಪು ಪುಡಿ ಉದುರಿ ಡಿಸ್ಕ್ ಕೈಗೆ ಬರತ್ತೆ. ಪ್ಯಾಡಿನ ಧೂಳನ್ನ ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮುಂದಿನ ಅರ್ಧ ಗಂಟೆ ಹಬ್ಬಿಗೆ ಕೊಡಿ. ತಂತಿ ಬ್ರಶ್, ಆಮೇಲೆ ಉಪ್ಪುಕಾಗದ, ಪ್ರತಿ ಸ್ಟಡ್ಡಿನ ಬುಡ, ನಡುವಿನ ದುಂಡು ಭಾಗ, ಕೈಬೆರಳು ಸವರಿದ್ರೆ ಎಲ್ಲೂ ತಡೀಬಾರದು. ಹೊಸ ಡಿಸ್ಕಿಗೆ ತುಕ್ಕು ಹಿಡೀದಿರಲಿ ಅಂತ ಎಣ್ಣೆ ಸವರಿರ್ತಾರೆ, ಬ್ರೇಕ್ ಕ್ಲೀನರ್ ಹಾಕಿ ಪೂರ್ತಿ ಒರೆಸಿ. ಕ್ಯಾಲಿಪರ್ ಸರಿದಾಡೋ ಸ್ಲೈಡ್ ಪಿನ್ ಎಳೆದು ಹಳೇ ಗ್ರೀಸ್ ಒರೆಸಿ ಬ್ರೇಕಿಗೆ ಅಂತಲೇ ಸಿಗೋ ಸಿಲಿಕಾನ್ ಗ್ರೀಸ್ ಹಚ್ಚಿ, ರಬ್ಬರ್ ಹರಿದಿದ್ರೆ ಬದಲಿಸಿ, ಇಲ್ಲಾಂದ್ರೆ ಮುಂದಿನ ಮಳೆಗಾಲಕ್ಕೆ ಪಿನ್ ಹಿಡ್ಕೊಂಡು ಒಂದೇ ಪ್ಯಾಡ್ ಸವೆಯತ್ತೆ. ಕ್ಯಾಲಿಪರಿನ ಪಿಸ್ಟನ್ ಮೆಲ್ಲಗೆ ಒಳಗೆ ಒತ್ತುವಾಗ ಬಾನೆಟ್ಟಿನಡಿ ಬ್ರೇಕ್ ಆಯಿಲ್ ಡಬ್ಬಿ ಮೇಲೆ ಕಣ್ಣಿರ್ಲಿ, ಉಕ್ಕಿ ಚೆಲ್ಲಿದ್ರೆ ಪೇಂಟ್ ಕಿತ್ತು ಬರತ್ತೆ. ಹಿಂದೆಯೂ ಡಿಸ್ಕ್ ಇರೋ ಕೆಲವು ಕಾರಲ್ಲಿ ಪಿಸ್ಟನ್ ತಿರುಗಿಸಿ ಒಳಗೆ ಹಾಕ್ಬೇಕು, ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಆದ್ರೆ ಸರ್ವಿಸ್ ಮೋಡಿಗೆ ಹಾಕದೇ ಮುಟ್ಟಲೇಬೇಡಿ.

ಡಿಸ್ಕ್ ಯಾವತ್ತೂ ಜೋಡಿಯಾಗೇ ಬದಲಿಸಿ, ಪ್ಯಾಡೂ ಹೊಸದೇ. ಬೋಲ್ಟು, ಚಕ್ರದ ನಟ್ಟು ಮ್ಯಾನ್ಯುಯಲಲ್ಲಿ ಹೇಳಿದಷ್ಟೇ ಬಿಗಿ, ನಕ್ಷತ್ರ ಬರೆದಂಗೆ ಎದುರುಬದುರು ಬಿಗೀಬೇಕು, ಗನ್ ಇಟ್ಟು ಡ್ರರ್ರ್ ಅಂತ ಒಂದೇ ಕಡೆಯಿಂದ ಬಿಗಿದ್ರೂ ಡಿಸ್ಕ್ ಓರೆ ಕೂರತ್ತೆ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ರೆ ಇದರ ಜೊತೆಗೇ ಮಾಡಿಸಿ, ಅದು ಗಾಳಿಯ ನೀರು ಹೀರ್ಕೊಳ್ಳತ್ತೆ. ಡಾಟ್ 4 ಆಯಿಲ್‌ಗೆ ಕುದಿಯೋ ಮಟ್ಟ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಇರ್ಬೇಕು ಅಂತ ನಿಯಮ, ನೀರು ಸೇರಿದ್ಮೇಲೆ 155, ಬ್ರೇಕಿನ ಬಿಸಿಗೆ ಆಯಿಲ್ ಕುದ್ದು ಗುಳ್ಳೆ ಎದ್ದು ಘಾಟಿಯಲ್ಲಿ ಪೆಡಲ್ ನೆಲಕ್ಕೆ ಹೋಗೋದು ಹಿಂಗೇ.

ಕಾರು ಕೆಳಗಿಳಿಸಿ ಅಲ್ಲಾಡಿಸೋ ಮುಂಚೆ ಪೆಡಲ್ ಗಟ್ಟಿಯಾಗೋ ತನಕ ಒತ್ತಿ, ಇದು ಮರೆತವರು ಮೊದಲನೇ ಗೋಡೆಗೆ ಗುದ್ದಿದಾರೆ. ಆಮೇಲೆ ಹೊಸ ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದ್ಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ವೇಗ 60ರಿಂದ 15ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಸಬೇಡಿ, ನಡುವೆ ಅರ್ಧ ನಿಮಿಷ ಓಡಿಸಿ ಆರಲು ಬಿಡಿ. ಸ್ವಲ್ಪ ವಾಸನೆ ಬರತ್ತೆ, ಬರ್ಲಿ. ಮೊದಲ 200 ಕಿಲೋಮೀಟರ್ ಘಾಟಿ ಕಡೆ ತಲೆ ಹಾಕಬೇಡಿ, 100 ಕಿಲೋಮೀಟರಿಗೆ ನಟ್ ಇನ್ನೊಂದ್ಸಲ ನೋಡಿ.

ಹಳೇ ಡಿಸ್ಕ್ ಗುಜರಿಗೆ ಹಾಕಿದ್ರೆ ಬಸ್ ಚಾರ್ಜಿನಷ್ಟು ಸಿಗಬಹುದು. ನಾನು ಮೊದಲು ಬಿಚ್ಚಿಸಿದ್ದ ಜೋಡಿನ ಮೊನ್ನೆ ನಾಣ್ಯ ಇಟ್ಟು ಅಳೆದೆ, ಮಿತಿಗಿಂತ ಇನ್ನೂ ಒಂದು ಮಿಲಿಮೀಟರ್ ಮೇಲೇ ಇದ್ವು. ಈಗ ಅವು ಅಂಗಳದಲ್ಲಿ ಅಡಿಕೆ ಮೇಲೆ ಹೊದಿಸಿದ ಟಾರ್ಪಾಲು ಹಾರದಂಗೆ ಹಿಡ್ಕೊಂಡು ಕೂತಿವೆ.