ಬೇಸಿಗೆ ರಜೆಯಲ್ಲಿ ಮಕ್ಕಳಿಂದ ದಿನಾ ಓದಿಸಿ ಬರೆಸುವುದು ಹೇಗೆ?

ರಜೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಅದೇ ಮಾತು ಕೇಳಿಸುತ್ತದೆ: "ಮೊದಲು ಒಂದು ಪುಟ ಕಾಪಿ ಬರಿ, ಆಮೇಲೆ ಆಟ." ಮಗು ಮುಖ ಗಂಟು ಹಾಕಿಕೊಂಡು ಬರೆಯುತ್ತದೆ. ಐದನೇ ಸಾಲಿಗೆ ಅಕ್ಷರ ಸೊಟ್ಟಗಾಗುತ್ತದೆ. ಆ ಪುಟವನ್ನು ನಾವು ಓದುವುದೂ ಇಲ್ಲ, ಸುಮ್ನೆ ಟಿಕ್ ಹಾಕುತ್ತೇವೆ. ಯಾರೂ ಓದದ್ದನ್ನು ಮಗು ಯಾಕೆ ಆಸೆಯಿಂದ ಬರೆಯಬೇಕು, ಅಲ್ವಾ? ಮಗಳು ಒಂದನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ನಮ್ಮ ಮನೆಯಲ್ಲಿ ಕಾಪಿ ಇಲ್ಲ. ಉತ್ತರ ಬರುವಂಥದ್ದನ್ನೇ ಬರೆಯುವುದು.

ಇದಕ್ಕೆ ಒಂದು ನೋಟ್‌ಬುಕ್ ಸಾಕು. ಪೆನ್ಸಿಲನ್ನು ದಾರದಿಂದ ಅದಕ್ಕೇ ಕಟ್ಟಿಬಿಡಿ. (ಇಲ್ಲದಿದ್ದರೆ ಪೆನ್ಸಿಲ್ ಹುಡುಕುವುದರಲ್ಲೇ ಅರ್ಧ ರಜೆ ಮುಗಿಯುತ್ತದೆ.) ಮಗು ಹಗಲು ಒಂದೆರಡು ಸಾಲು ಬರೆಯಲಿ. ಪ್ರಶ್ನೆ, ದೂರು, ಚಾಡಿ, ಏನಾದರೂ ಸರಿ. ರಾತ್ರಿ ನೀವು ಅದರ ಕೆಳಗೇ ಉತ್ತರ ಬರೆಯಿರಿ. "ಗುಡ್" ಅಂತ ಗೀಚಿದರೆ ಆಗುವುದಿಲ್ಲ, ಕೇಳಿದ್ದಕ್ಕೆ ಉತ್ತರ ಬೇಕು. ಅಕ್ಷರ ಬಿಡಿಬಿಡಿಯಾಗಿ, ದುಂಡಗೆ ಇರಲಿ. ಬೆಳಿಗ್ಗೆ ಎದ್ದು ಮಗು ಮೊದಲು ಓದುವುದು ಅದನ್ನೇ.

ಇನ್ನು ತಪ್ಪುಗಳು. ಕೆಂಪು ಪೆನ್ ಮುಟ್ಟಬೇಡಿ. ಮಗಳು ಒಂದು ದಿನ ಬರೆದಿದ್ದಳು: "ಬೆಕು ನನ್ನ ಚಪಲಿ ಮೆಲೆ ಮಲಗಿದೆ." ಎರಡು ಒತ್ತು ಇಲ್ಲ, ಒಂದು ದೀರ್ಘ ಇಲ್ಲ. ನಾನು ಕೆಳಗೆ ಬರೆದೆ: "ಬೆಕ್ಕು ಚಪ್ಪಲಿ ಮೇಲೆ ಯಾಕೆ ಮಲಗಿತು? ಎಬ್ಬಿಸಿದೆಯಾ?" ಮರುದಿನ ಅವಳ ಉತ್ತರ: "ಬೆಕ್ಕು ಎದಿಲ್ಲ. ಚಪಲಿ ಮೇಲೇ ಇದೆ." ಬೆಕ್ಕಿಗೆ ಒತ್ತು ಬಂತು, ದೀರ್ಘವೂ ಬಂತು. ಚಪ್ಪಲಿಗೆ ಇನ್ನೂ ಬಂದಿಲ್ಲ, ಬರುತ್ತೆ ಬಿಡಿ. ತನಗೇ ಅಂತ ಬರೆದ ಉತ್ತರದಲ್ಲಿ ಸರಿಯಾದ ಪದ ಇದ್ದರೆ ಮಗು ತಾನೇ ನೋಡಿಕೊಳ್ಳುತ್ತದೆ. ಒತ್ತಕ್ಷರ, ದೀರ್ಘ, ಮಹಾಪ್ರಾಣ ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಮರುದಿನ ಪುಟ ಖಾಲಿ. ಒಂದು ವಾರ ಒತ್ತಕ್ಷರದ ಕಡೆ ಮಾತ್ರ ಗಮನ ಕೊಡಿ. ದೊಡ್ಡವರಿಗಾದರೆ ಶ, ಷ, ಸ ವ್ಯತ್ಯಾಸ, ಅರ್ಕಾವೊತ್ತು, ಹೀಗೆ ಒಂದೊಂದೇ ಹಿಡಿಯಿರಿ.

ಬರೆಯಲು ಬಾರದ ಮಗು ಹೇಳಲಿ, ನೀವು ಬರೆದುಕೊಳ್ಳಿ. ಹೇಳಿದ ಹಾಗೇ ಬರೆಯಿರಿ, ವಾಕ್ಯ ತಿದ್ದಬೇಡಿ. ಆಮೇಲೆ ಬೆರಳಿಟ್ಟು ಓದಿಸಿ. ತನ್ನದೇ ಮಾತಲ್ವಾ, ಅರ್ಧ ನೆನಪಿನಿಂದ ಓದುತ್ತದೆ, ಇನ್ನರ್ಧ ಅಕ್ಷರ ನೋಡಿ. ಅದೂ ಓದೇ.

ಪುಸ್ತಕವನ್ನು ಮಗುವೇ ಆರಿಸಲಿ. ಕಷ್ಟವೋ ಸುಲಭವೋ ತಿಳಿಯಲು ಯಾವುದಾದರೂ ಒಂದು ಪುಟ ಓದಿಸಿ, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದೊಂದು ಬೆರಳು ಮಡಚಲು ಹೇಳಿ. ಐದೂ ಬೆರಳು ಮಡಚಿದರೆ ಸದ್ಯಕ್ಕೆ ಆ ಪುಸ್ತಕ ನೀವು ಓದಿ ಹೇಳುವುದಕ್ಕೆ. ಓದಿದ್ದನ್ನೇ ಮತ್ತೆ ಓದಿದರೆ ಬೈಯಬೇಡಿ. ಅಕ್ಷರ ಕೂಡಿಸುವ ಕಷ್ಟ ಪ್ರತಿ ಸಲವೂ ಕಡಿಮೆಯಾಗಿ ಓದು ಸರಾಗವಾಗುತ್ತದೆ. ತಡವರಿಸುವ ಮಗುವಿನ ಜೊತೆ ನೀವೂ ಜೋರಾಗಿ ಓದಿ, ಅದು ಧೈರ್ಯವಾಗಿ ಓದುವ ಕಡೆ ನಿಮ್ಮ ದನಿ ತಗ್ಗಿಸಿ. ಯಾವುದಾದರೂ ಪದ ಬಾರದೆ ನಿಂತರೆ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಆಗಲೂ ಬಾರದಿದ್ದರೆ ನೀವೇ ಹೇಳಿ ಮುಂದೆ ಹೋಗಿ. ಅಲ್ಲೇ ಕಾಗುಣಿತದ ಪಾಠ ಬೇಡ.

15 ನಿಮಿಷ ಓದು, 10 ನಿಮಿಷ ಬರಹ, ದಿನಾ ಒಂದೇ ಹೊತ್ತಿಗೆ. ಇದಕ್ಕಿಂತ ಜಾಸ್ತಿ ಬೇಡ. ಒಂದು ದಿನ ತಪ್ಪಿದರೆ ಬಾಕಿ ವಸೂಲಿಗೂ ಕೂರಬೇಡಿ.

ದೊಡ್ಡ ಮಕ್ಕಳು "ಬರೆಯೋಕೆ ಏನೂ ಇಲ್ಲ" ಅನ್ನುತ್ತಾರೆ. ಆಗ ಒಂದು ಆಟ ಕಟ್ಟಿ ಅದರ ನಿಯಮ ಬರೆಯಲು ಹೇಳಿ. ಬಾಯಲ್ಲಿ ಹೇಳಿಕೊಡುವಂತಿಲ್ಲ, ಉಳಿದವರು ಓದಿಕೊಂಡೇ ಆಡಬೇಕು. ಮಗನ ಮೊದಲ ಆಟದಲ್ಲಿ ಔಟ್ ಆದವರು ಏನು ಮಾಡಬೇಕು ಅಂತಲೇ ಬರೆದಿರಲಿಲ್ಲ. ಜಗಳ ಆಯ್ತು. ಯಾರೂ ಹೇಳದೆ ತಾನೇ ಹೋಗಿ ಮೂರು ಸಾಲು ಸೇರಿಸಿದ. ಫೋನಿನಲ್ಲಿ ಟೈಪ್ ಮಾಡುತ್ತೇನೆ ಅಂದರೆ ಮಾತ್ರ ಒಪ್ಪಬೇಡಿ. ಅರ್ಧ ಪದ ಒತ್ತುವಷ್ಟರಲ್ಲಿ ಒತ್ತಕ್ಷರದ ಸಮೇತ ಪೂರ್ತಿ ಪದವನ್ನು ಫೋನೇ ಹಾಕಿಕೊಡುತ್ತದೆ.