ಕೆಂಚನಿಗೆ ಇನ್ಹೇಲರ್ ಒಗ್ಗಿಸಿದ್ದು

ಬೆಕ್ಕಿಗೆ ಇನ್ಹೇಲರ್ ಅಂದಾಗ ನಕ್ಕವರೇ ಜಾಸ್ತಿ. "ಮುಖಕ್ಕೆ ಮಾಸ್ಕ್ ಹಿಡಿದರೆ ಪರಚಿ ಹಾಕತ್ತೆ, ಸುಮ್ನೆ ದುಡ್ಡು ದಂಡ" ಅಂದರು. ಈಗ ನಮ್ಮ ಕೆಂಚ ಬೆಳಗ್ಗೆ, ರಾತ್ರಿ ತಾನೇ ಬಂದು ತೊಡೆ ಮೇಲೆ ಕೂತು ಮೂತಿ ಕೊಡುತ್ತಾನೆ. ಬೆಕ್ಕು ಸಾಕಿದವರಿಗೆ ಗೊತ್ತು ಇದು ಎಂಥ ಗೆಲುವು ಅಂತ.

ಕೆಂಚನಿಗೆ ಕೆಮ್ಮು ಶುರುವಾದಾಗ ಮೊದಲು ಎಲ್ಲರೂ ಹೇಳಿದ್ದು ಕೂದಲುಂಡೆ ಅಂತ, ಅಂದರೆ ಮೈ ನೆಕ್ಕುವಾಗ ಹೊಟ್ಟೆ ಸೇರಿದ ಕೂದಲಿನ ಉಂಡೆ. ಅದರ ಪೇಸ್ಟಿಗೇ ಸಾವಿರಾರು ರೂಪಾಯಿ ಹೋಯಿತು. ಕೂದಲುಂಡೆಯಾದರೆ ಕೊನೆಗೆ ಏನಾದರೂ ಹೊರಗೆ ಬರಬೇಕಲ್ವಾ? ಕೆಂಚ ನೆಲಕ್ಕೆ ಕುಗ್ಗಿ, ಕತ್ತು ಚಾಚಿ ಕೆಮ್ಮುತ್ತಿದ್ದ, ಏನೂ ಬರುತ್ತಿರಲಿಲ್ಲ. ಉಸಿರು ಬಿಡುವಾಗ ಹೊಟ್ಟೆ ಒತ್ತಿ ಒತ್ತಿ ಬಿಡುತ್ತಿದ್ದ. ಎಕ್ಸ್‌ರೇ ತೆಗೆಸಿದ ಮೇಲೆ ಆಸ್ತಮಾ ಅಂತಾಯಿತು. ಎದೆಯಲ್ಲಿ ನೀರು ತುಂಬಿದರೂ ಬೆಕ್ಕಿಗೆ ಏದುಸಿರು ಬರುತ್ತದೆ, ಅದಕ್ಕೆ ಇನ್ಹೇಲರ್ ಕೆಲಸಕ್ಕೆ ಬರಲ್ಲ. ಎಕ್ಸ್‌ರೇ ದುಡ್ಡು ಮಾತ್ರ ಉಳಿಸಬೇಡಿ.

ಆಗಾಗ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸುವುದು ಅಗ್ಗ. ಆದರೆ ಅದನ್ನೇ ಮುಂದುವರಿಸಿದರೆ ಸಕ್ಕರೆ ಕಾಯಿಲೆಯ ಅಪಾಯ. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ, ನೆಬ್ಯುಲೈಸರ್, ಎರಡು ಸಾವಿರದ ಆಸುಪಾಸಿಗೆ ತಂದೆ. ಅದರ ಗುರ್ ಶಬ್ದಕ್ಕೆ ಬೀರು ಹಿಂದೆ ಸೇರಿದವನು ಸಂಜೆವರೆಗೂ ಬರಲಿಲ್ಲ. ಬೆಕ್ಕುಗಳದೇ ಸ್ಪೇಸರ್, ಅಂದರೆ ಇನ್ಹೇಲರ್‌ಗೂ ಮಾಸ್ಕಿಗೂ ನಡುವಿನ ಕೊಳವೆ, ವಿದೇಶದಿಂದ ತರಿಸಬೇಕು, ಏಳೆಂಟು ಸಾವಿರ ಕೇಳಿದರು. ಕೊನೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕೂಸುಗಳ ಸ್ಪೇಸರ್, ಮಾಸ್ಕ್ ಸೇರಿ ಐನೂರು ಆರುನೂರಕ್ಕೆ ತಂದೆ. ಅದೇ ಸಾಕಾಯಿತು.

ಬರೀ ಮಾಸ್ಕನ್ನು ಊಟದ ತಟ್ಟೆ ಪಕ್ಕ ಇಡುವುದರಿಂದ ಶುರು. ಆಮೇಲೆ ಮೂತಿಗೆ ಒಂದು ಉಸಿರಿನಷ್ಟು ಹೊತ್ತು, ಎರಡು ಉಸಿರಿನಷ್ಟು. ಪಫ್‌ನ ಬುಸ್ ಶಬ್ದಕ್ಕೆ ಬೆಕ್ಕು ಬೆದರುತ್ತದೆ. ಅದಕ್ಕೆ ದೂರದಲ್ಲೇ ಸ್ಪೇಸರಿನೊಳಗೆ ಒತ್ತಿ, ತಕ್ಷಣ ಮುಖಕ್ಕೆ ಹಿಡಿಯುತ್ತೇನೆ. ಏಳರಿಂದ ಹತ್ತು ಉಸಿರು. ಮಾಸ್ಕಿನ ಅಂಚಿಗೆ ಏನು ಸವರುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಡಾಕ್ಟರ್ ಬರೆದದ್ದು ಫ್ಲುಟಿಕಾಸೋನ್, ದಿನಾ ಕೊಡುವ ಸ್ಟೀರಾಯ್ಡ್ ಇನ್ಹೇಲರ್. ಅದು ಹಿಡಿಯಲು ಒಂದೆರಡು ವಾರ ಬೇಕು, ಅಲ್ಲಿವರೆಗೆ ಸ್ಟೀರಾಯ್ಡ್ ಮಾತ್ರೆ ಬಿಡುವಂತಿಲ್ಲ. ಬಹಳ ಜನ ಇಲ್ಲೇ ಕೈಚೆಲ್ಲುತ್ತಾರೆ.

ಉಸಿರಿನ ದಾರಿಯನ್ನು ಬೇಗ ಸಡಿಲಿಸುವ ಇನ್ನೊಂದು ಇನ್ಹೇಲರ್ ಸಾಲ್ಬುಟಮಾಲ್ ದಿನಾ ಕೊಡುವಂಥದ್ದಲ್ಲ, ಉಬ್ಬಸ ಬಂದಾಗ ಮಾತ್ರ. ಕೆಂಚನಿಗೆ ಐದು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಆದರೆ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ, ವಸಡು ನೀಲಿಯೋ ಬೂದಿಯೋ ಆಗಿದ್ದರೆ ಕಾಯಬೇಡಿ. ಆ ಪಫ್ ಕೊಟ್ಟು ನೇರ ಆಸ್ಪತ್ರೆಗೆ ಹೊರಡಿ. ಅದುಮಿ ಹಿಡಿಯಬೇಡಿ, ಬಾಯಿಗೆ ನೀರು ಹಾಕಬೇಡಿ. ಹೊರಡುವಾಗಲೇ ಫೋನ್ ಮಾಡಿ ಆಕ್ಸಿಜನ್ ಇದೆಯಾ ಅಂತ ಕೇಳಿ, ಎಲ್ಲ ಕ್ಲಿನಿಕ್ಕಲ್ಲೂ ಇರಲ್ಲ. ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ 30ರೊಳಗೆ ಉಸಿರಿದ್ದರೆ ನನಗೆ ನೆಮ್ಮದಿ. 40ರ ಹತ್ತಿರ ಹೋದರೆ ಡಾಕ್ಟರಿಗೆ ಫೋನ್.

ನಡುವೆ ಬೇರೆ ಪ್ರಯೋಗಗಳೂ ಆದವು. ಸೊಳ್ಳೆಬತ್ತಿ, ಊದುಬತ್ತಿ ನಿಲ್ಲಿಸಿದ್ದಕ್ಕೆ ಕೆಮ್ಮು ಅರ್ಧ ಇಳಿಯಿತು ಅಂದರೂ ತಪ್ಪಿಲ್ಲ. ಕೆಂಚನ ಕಕ್ಕಸಿನ ಟ್ರೇಗೆ ಭತ್ತದ ಹೊಟ್ಟು ಹಾಕಿ ನೋಡಿದೆ, ಧೂಳು ಇನ್ನೂ ಜಾಸ್ತಿ. ಈಗ ಮರದ ಪೆಲೆಟ್. ಮೆಣಸಿನಕಾಯಿ ಒಗ್ಗರಣೆ ಹೊತ್ತಿಗೆ ಅಡುಗೆಮನೆ ಬಾಗಿಲು ಬಂದ್.

ನಾನು ತರುವ ಫ್ಲುಟಿಕಾಸೋನ್ ಡಬ್ಬಿ ನಾನೂರು ಚಿಲ್ಲರೆ, 120 ಪಫ್. ದಿನಕ್ಕೆರಡರಂತೆ ಎರಡು ತಿಂಗಳು. ಲೆಕ್ಕ ಮುಗಿದ ಮೇಲೂ ಒತ್ತಿದರೆ ಬುಸ್ ಅನ್ನುತ್ತದೆ, ಔಷಧಿ ಸರಿಯಾಗಿ ಬರಲ್ಲ. ಶುರು ಮಾಡಿದ ತಾರೀಖನ್ನು ಡಬ್ಬಿ ಮೇಲೇ ಬರೆದಿಡಿ.